ಬೇವಿನ ಬೀರಿನ ಕಳ್ಳಗೂಡು

ನಮ್ಮಪ್ಪ ಬಡಗಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಣಕಹಳ್ಳಿಯಲ್ಲಿ ನಮಗೆ ಹೊಲವಿತ್ತು. ರಾಗಿ, ಮುಸುಕಿನ ಜೋಳ, ನೀರಿದ್ದ ವರ್ಷ ಒಂದಿಷ್ಟು ಎಲೆಕೋಸು. ಅವನ ಹೊಟ್ಟೆಪಾಡು ಅದೇ. ಆದರೆ ಕುಯ್ಲು ಮುಗಿದು ಬಿಸಿಲು ಬಲಿಯಿತೆಂದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹಿತ್ತಲಿನ ಹಲಸಿನ ನೆರಳಿನಲ್ಲಿ ಉಳಿ, ಬಾಚಿ, ಕೀಸುಳಿ ಹರಡಿಕೊಂಡು ಕೂತುಬಿಡುತ್ತಿದ್ದ. ನಮ್ಮ ಮನೆಯ ಮಂಚ, ಪೆಟ್ಟಿಗೆ, ಅಡುಗೆಮನೆಯ ಕಪಾಟು ಎಲ್ಲವೂ ಅವನು ಮಾಡಿದ್ದೇ. ಯಾವುದೂ ಅಂಗಡಿಯ ಸಾಮಾನಿನಷ್ಟು ಚೆಂದವಿಲ್ಲ. ಗಟ್ಟಿಮುಟ್ಟು, ಅಷ್ಟೇ.

ಚೆಂದವಿದ್ದದ್ದು ಒಳಗೆ. ಅಪ್ಪನಿಗೆ ಕಳ್ಳಗೂಡು ಮಾಡುವ ಹುಚ್ಚು. ಹೊರಗಿನಿಂದ ನೋಡಿದರೆ ಬರೀ ಹಲಗೆ; ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದರೆ ಒಂದು ಪಟ್ಟಿ ಜಾರಿ, ಹಿಂದೆ ಅಂಗೈಯಗಲದ ಗೂಡು ಕಾಣುತ್ತಿತ್ತು. ಮೊದಲನೆಯದನ್ನು ಮಾಡಿದ್ದು ಅವನ ಅವ್ವನಿಗೆ, ನಶ್ಯದ ಡಬ್ಬಿ ಇಟ್ಟುಕೊಳ್ಳಲು. ಅದು ಹೇಗೋ ಬಾಯಿಂದ ಬಾಯಿಗೆ ಹೋಗಿ, ಊರ ಹೆಂಗಸರು ಕಪಾಟು ಮಾಡಿಸುವ ನೆಪದಲ್ಲಿ ಬಂದು ಹಲಸಿನ ಮರದಡಿ ಗುಸುಗುಸು ಮಾಡತೊಡಗಿದರು. ಒಬ್ಬಳಿಗೆ ಬಸುರಿಯ ಬಯಕೆಗೆ ಬೆಲ್ಲ ಬಚ್ಚಿಡಬೇಕು. ಇನ್ನೊಬ್ಬಳಿಗೆ ನಾದಿನಿಯ ಕಣ್ಣಿಗೆ ಬೀಳದ ಹಾಗೆ ತವರಿನ ಓಲೆ ಇಡಬೇಕು. ಡಾಕ್ಟರು ಬೇಡವೆಂದ ಮೇಲೆ ಬೀಡಿ ಕಟ್ಟಿಗೆ ಜಾಗ ಕೇಳಿಕೊಂಡು ಬಂದ ಮುದುಕನೂ ಇದ್ದ. ಯಾರದ್ದು ಎಲ್ಲಿ ಒತ್ತಿದರೆ ತೆರೆಯುತ್ತದೆ ಎಂಬುದು ಅಪ್ಪನ ಹೊಟ್ಟೆಯೊಳಗೇ ಇರುತ್ತಿತ್ತು. ನಮ್ಮವ್ವ ಎಷ್ಟು ಕೆದಕಿದರೂ ಹೊರಗೆ ಬರುತ್ತಿರಲಿಲ್ಲ. ಊರವರ ಗುಟ್ಟೆಲ್ಲ ತುಂಬಿಕೊಂಡು ಹೊಟ್ಟೆನೋವು ಬರಲ್ಲವೇ ಎಂದು ಅವಳು ರೇಗಿದರೆ, ಅವನು ನಕ್ಕು ಉಳಿ ಮಸೆಯುತ್ತಿದ್ದ.

ನನಗೂ ಒಂದು ಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ನಾನು ಮೈನೆರೆದ ವರ್ಷ ನನಗೆ ಮೂರ್ಛೆ ರೋಗ ಶುರುವಾಯಿತು. ಮೊದಲ ಸಲ ಬಿದ್ದದ್ದು ನಮ್ಮ ಹೊಲದಲ್ಲಿ, ಅಪ್ಪ ಅವ್ವನ ಕಣ್ಣೆದುರು. ಪುಣ್ಯಕ್ಕೆ ಬೇರೆ ಯಾರೂ ಇರಲಿಲ್ಲ. ಅಪ್ಪ ಮೈಸೂರಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದ. ಅವರು ಮಾತ್ರೆ ಬರೆದು, ದಿನಾ ತಿನ್ನಬೇಕು, ಒಂದು ದಿನವೂ ತಪ್ಪಿಸಬಾರದು, ತಪ್ಪಿಸದಿದ್ದರೆ ಎಲ್ಲರ ಹಾಗೆ ಇರುತ್ತೀಯ ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಮಾತ್ರೆ ಶುರುವಾದ ಮೇಲೆ ನಾನು ಒಮ್ಮೆಯೂ ಬೀಳಲಿಲ್ಲ. ಶಾಲೆ ಮುಗಿಸಿದೆ, ಕಳೆ ಕಿತ್ತೆ, ಹೊರೆ ಹೊತ್ತೆ. ಆದರೆ ಮಾತ್ರೆ ತಿನ್ನುವುದು ಊರಿಗೆ ಗೊತ್ತಾಗಬಾರದು, ಗೊತ್ತಾದರೆ ಮದುವೆ ಇಲ್ಲ. ಸುಳ್ಳು ಹೇಳಿ ಮಗಳನ್ನು ದಾಟಿಸಿದ ಎಂದು ಆಮೇಲೆ ಅಪ್ಪನ ಮುಖಕ್ಕೆ ಉಗಿದವರನ್ನು ನಾನು ಒಂದೇ ಮಾತು ಕೇಳುತ್ತೇನೆ: ನಿಜ ಹೇಳಿದ್ದರೆ ನಿಮ್ಮಲ್ಲಿ ಯಾರು ಹೆಣ್ಣು ಕೇಳಿಕೊಂಡು ಬರುತ್ತಿದ್ದಿರಿ?

ಗೆಟ್ಟವಾಡಿಯಿಂದ ಸಂಬಂಧ ಕೂಡಿಬಂತು. ಲಿಂಗ ಕಟ್ಟಿದ ಮನೆ, ನಮ್ಮ ಹಾಗೆಯೇ. ಒಬ್ಬನೇ ಮಗ, ತಂದೆ ಇಲ್ಲ, ಅವ್ವ ಮಾತ್ರ. ನಮ್ಮ ಕಡೆ ಹೆಣ್ಣಿನ ಜೊತೆ ಮಂಚ, ಬೀರು, ಪಾತ್ರೆ ಕಳಿಸುತ್ತಾರೆ. ಆ ಹೊತ್ತಿಗಾಗಲೇ ಎಲ್ಲರೂ ಪೇಟೆಯಿಂದ ಉಕ್ಕಿನ ಬೀರು ತಂದು ಕೊಡುತ್ತಿದ್ದರು. ಅಪ್ಪ ಮಾತ್ರ ಬೇವಿನ ಮರದ್ದನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದ. ಕಾರಣ ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ಮನೆ ತುಂಬಿಸಿಕೊಂಡ ದಿನವೇ ಸೊಸೆ ಬೀರಿನ ಬೀಗದ ಕೈಯನ್ನು ಅತ್ತೆಗೆ ಕೊಡಬೇಕು, ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಅದು ಪದ್ಧತಿ. ಆಮೇಲೆ ಸೊಸೆ ತನ್ನ ಸೀರೆಯನ್ನೂ ಕೇಳಿ ತೆಗೆಸಿಕೊಳ್ಳಬೇಕು. ಬೀಗ ಇರುವ ಯಾವ ಜಾಗವೂ ನನ್ನ ಮಾತ್ರೆಗೆ ಆಗುವಂತಿರಲಿಲ್ಲ. ಬೀಗವಿಲ್ಲದ, ಕಣ್ಣಿಗೆ ಕಾಣದ ಜಾಗ ಬೇಕಿತ್ತು.

ಆ ಬಿಸಿಲುಗಾಲ ಪೂರ್ತಿ ಅಪ್ಪ ಅದರಲ್ಲೇ ಮುಳುಗಿದ. ಬಾಗಿಲಿಗೆ ದೊಡ್ಡ ಕನ್ನಡಿ, ಅದರ ಪಕ್ಕ ಬಾಚಣಿಗೆ ಇಡಲು ಪುಟ್ಟ ಹಲಗೆ, ಬುಡದಲ್ಲಿ ಬಳ್ಳಿ ಕೆತ್ತಿದ ದಪ್ಪ ಪಟ್ಟಿ. ಆ ಪಟ್ಟಿಯ ಎಡತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬಲತುದಿ ಉಗುರಿನಷ್ಟು ಮುಂದೆ ಬರುತ್ತಿತ್ತು. ಹಿಡಿದು ಎಳೆದರೆ ಉದ್ದನೆಯ ತೆಳು ಗೂಡು ಪಟ್ಟಿಯ ಜೊತೆಗೇ ಜಾರಿ ಬರುತ್ತಿತ್ತು. ಬೇರೆಯವರಿಗೆ ಮಾಡುವಾಗ ಅಪ್ಪ ಸಂದಿನಲ್ಲಿ ಒಂದೆಳೆ ಸಡಿಲ ಬಿಡುತ್ತಿದ್ದ, ಮಳೆಗಾಲಕ್ಕೆ ಮರ ಉಬ್ಬುತ್ತದೆ ಎಂದು. ನನ್ನದಕ್ಕೆ ಬಿಡಲಿಲ್ಲ. ಸಂದು ಕಂಡರೆ ಅತ್ತೆಯ ಕಣ್ಣು ಅಲ್ಲಿಗೇ ಹೋಗುತ್ತದೆ ಎಂಬ ಭಯ ಅವನಿಗೆ. ಕೀಸಿ, ಕೂರಿಸಿ, ಮತ್ತೆ ಕೀಸಿ, ಹರಳೆಣ್ಣೆ ಸವರಿ, ಕೂದಲು ತೂರದ ಹಾಗೆ ಹೊಂದಿಸಿದ. ಕೊನೆಗೆ ನನ್ನನ್ನು ಕರೆದು, ಎಲ್ಲಿದೆ ಹುಡುಕು ಎಂದ. ತಡಕಾಡಿದೆ, ಸಿಗಲಿಲ್ಲ.

“ನಿಂಗೇ ಸಿಕ್ನಿಲ್ಲ ಅಂದ್ರ ಇನ್ಯಾರ್ಗೂ ಸಿಕ್ಕಲ್ಲ ಕಣವ್ವ,” ಎಂದ. ಅವನ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಆಮೇಲೆ ನೋಡಲಿಲ್ಲ.

ಅತ್ತೆ ಬೀರು ನೋಡಿ ಮೂಗು ಮುರಿದಳು. ಎಲ್ಲರ ಮನೆಗೆ ಉಕ್ಕು ಬಂದರೆ ನಮ್ಮ ಮನೆಗೆ ಸೌದೆ ಬಂತು ಎಂದು ಪಕ್ಕದ ಮನೆಯವಳಿಗೆ ಕೇಳುವ ಹಾಗೆ ಅಂದಳು. ಮುಟ್ಟಿದಳು, ತಟ್ಟಿದಳು, ಬಗ್ಗಿ ಬುಡ ನೋಡಿದಳು. ಏನೂ ಸಿಗದೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅವಳು ಕೊಟ್ಟಿಗೆಗೆ ಹುಲ್ಲು ಹಾಕಲು ಹೋಗುವ ಹೊತ್ತು ನನ್ನದು. ಕಸ ಗುಡಿಸುವವಳ ಹಾಗೆ ಬೀರಿನ ಮುಂದೆ ಕೂತು, ಒತ್ತಿ, ಅರ್ಧ ಎಳೆದು, ಮಾತ್ರೆ ಬಾಯಿಗೆ ಹಾಕಿಕೊಂಡು, ತಳ್ಳಿ, ಮತ್ತೆ ಪೊರಕೆ ಹಿಡಿಯುತ್ತಿದ್ದೆ. ಮುಗಿಯುವ ಹೊತ್ತಿಗೆ ಅಪ್ಪ ಚಾಮರಾಜನಗರದಿಂದ ಕೊಂಡು, ರಾಗಿ ಹಿಟ್ಟಿನ ಡಬ್ಬದೊಳಗೆ ಹೂತು ತಂದುಕೊಡುತ್ತಿದ್ದ. ನಮ್ಮ ಮನೆಯಲ್ಲಿ ರಾಗಿಗೆ ಬರ ಬಂದಿದೆಯೇ ಎಂದು ಅತ್ತೆ ಕುಟುಕುವಳು. ಅಪ್ಪ ಹಲ್ಲು ಕಿರಿಯುವನು.

ಇನ್ನು ನಮ್ಮನೆಯವರು. ಈಗ ಅವರನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ನಾಲಿಗೆಗೆ ಇದೇ ರೂಢಿ. ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಮಾತು ಕಮ್ಮಿ, ಅವರವ್ವನ ಎದುರಿಗಂತೂ ಇಲ್ಲವೇ ಇಲ್ಲ. ಸೋಮವಾರ ತಪ್ಪಿಸಿ, ವಾರಕ್ಕೆರಡು ಸಲ ಬೀರಿನ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ಗಡ್ಡದ ಸೋಪು ಮುಚ್ಚಳದ ಬಟ್ಟಲಲ್ಲಿ ಆ ಪುಟ್ಟ ಹಲಗೆಯ ಮೇಲೆ ಇರುತ್ತಿತ್ತು. ಊದಿನಕಡ್ಡಿಗೆ ಕರ್ಪೂರ ಬೆರೆಸಿದಂಥ ವಾಸನೆ. ಬೀರಿಗೆಲ್ಲ ಅದೇ ವಾಸನೆ ಹತ್ತಿತ್ತು. ಆ ಮನೆಯಲ್ಲಿ ನನಗೆ ಹಿತವೆನಿಸಿದ್ದು ಅದೊಂದೇ ಎಂದರೂ ತಪ್ಪಿಲ್ಲ.

ಮೊದಲ ವರ್ಷದ ಮಳೆಗಾಲಕ್ಕೆ ಗೂಡು ಬಿಗಿಯತೊಡಗಿತು. ಎರಡು ಕೈಯಲ್ಲಿ ಎಳೆಯಬೇಕಾಗಿ ಬಂತು. ಅಪ್ಪನಿಗೆ ಹೇಳಿ ಕೀಸಿಸಬೇಕು ಅಂದುಕೊಳ್ಳುವಷ್ಟರಲ್ಲಿ, ಒಂದು ಬೆಳಿಗ್ಗೆ ನೋಡಿದರೆ ಸಲೀಸಾಗಿ ಜಾರಿತು. ಮರ ಪಳಗಿತು ಅಂದುಕೊಂಡೆ. ಅಪ್ಪ ಬಂದಾಗ ಅವನ ಕಿವಿಯಲ್ಲೂ ಅದನ್ನೇ ಹೇಳಿದೆ. ಮಳೆಗೆ ಬಿಗಿದಿರಬಹುದೆಂಬ ಅನುಮಾನದಿಂದ ಅವನು ಕೀಸುಳಿಯನ್ನು ಚೀಲದಲ್ಲಿ ತಂದಿದ್ದನಂತೆ, ಹೊರಗೇ ತೆಗೆಯಲಿಲ್ಲ. ಬೇವು ಹಾಗೆಯೇ, ಒಮ್ಮೆ ಹೊಂದಿಕೊಂಡರೆ ಮುಗಿಯಿತು ಎಂದು ಹೆಮ್ಮೆಯಿಂದ ಬಸ್ಸು ಹತ್ತಿದ. ಮರುವರ್ಷವೂ ಸಲೀಸು, ಅದರ ಮರುವರ್ಷವೂ ಸಲೀಸು.

ಆ ಮನೆಯ ಮಳೆಗಾಲ ಅಂದರೆ ಇನ್ನೊಂದು ನೆನಪು, ಅತ್ತೆಯ ಗೊಣಗಾಟ. “ಮಳೆ ಬಂದ್ರ ಸಾಕು, ನಿನ್ ಸೋಪು ಬಿರ್ನೆ ಸವೀತದಲ್ಲಾ. ಗಡ್ಡಕ್ ಆಕಂಡಿಯಾ, ಮೈಗೆಲ್ಲ ಆಕಂಡಿಯಾಲಾ?” ಎಂದು ಅವಳು ಮಗನನ್ನು ಕೇಳುತ್ತಿದ್ದಳು. ನಮ್ಮನೆಯವರು ತಲೆ ತಗ್ಗಿಸಿ ನಗುತ್ತಿದ್ದರು. ನಾನೂ ಅಡುಗೆಮನೆಯಲ್ಲಿ ನಗುತ್ತಿದ್ದೆ.

ಮಗಳು ಹುಟ್ಟಿದಳು. ಡಾಕ್ಟರನ್ನು ಕೇಳಿಯೇ ಮಾತ್ರೆ ಮುಂದುವರಿಸಿದ್ದೆ, ಕೂಸು ಗುಂಡುಗುಂಡಾಗಿತ್ತು. ಅವಳು ನಡೆಯಲು ಕಲಿತದ್ದೇ ಆ ಬೀರನ್ನು ಹಿಡಿದುಕೊಂಡು. ಕನ್ನಡಿಯಲ್ಲಿ ಕಾಣುವ ಮಗುವಿಗೆ ಮುತ್ತು ಕೊಡುವಳು, ಬುಡದಲ್ಲಿ ಕೂತು ಪಟ್ಟಿಯ ಬಳ್ಳಿಯ ಮೇಲೆ ಬೆರಳಾಡಿಸುವಳು. ಒಂದೊಂದು ದಿನ ನಮ್ಮನೆಯವರಿಗೆ ಎಲ್ಲ ಹೇಳಿಬಿಡೋಣ ಎನಿಸುತ್ತಿತ್ತು. ಹೇಳಿದರೆ ಅವರು ತಮ್ಮ ಅವ್ವನಿಗೆ ಹೇಳುತ್ತಾರೆ, ಅಲ್ಲಿಗೆ ನನ್ನ ಬಾಳುವೆ ಮುಗಿಯಿತು, ಮಗುವನ್ನೂ ಕಿತ್ತುಕೊಳ್ಳುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ.

ನಾಲ್ಕನೆಯ ವರ್ಷ ಬೇಸಿಗೆಯಲ್ಲೇ ನಮ್ಮನೆಯವರು ಊರಿನ ಕೆಲವರ ಜೊತೆ ಕೂಡಿಕೊಂಡು ಕೇರಳದ ಕಡೆ ಶುಂಠಿ ಬೆಳೆಯಲು ಹೋದರು, ಗಡ್ಡದ ಸೋಪಿನ ಬಟ್ಟಲನ್ನೂ ಕಟ್ಟಿಕೊಂಡು. ಆಷಾಢದ ತುಂತುರಿಗೆ ಗೂಡು ಸ್ವಲ್ಪ ಕಚ್ಚಿತು. ಪಳಗಿದ ಮರ, ತಾನೇ ಸರಿಹೋಗುತ್ತದೆ ಎಂದು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ಗೋಡೆ ಒಸರಿತು, ಉಪ್ಪು ನೀರಾಯಿತು, ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಂಡವು. ಒಂದು ಬೆಳಿಗ್ಗೆ ಪಟ್ಟಿಯ ಎಡತುದಿ ಒತ್ತಿದೆ. ಬಲತುದಿ ಬರಲಿಲ್ಲ.

ಉಗುರು ಹಾಕಿದೆ, ಉಗುರು ಕಿತ್ತಿತು. ಚಾಕು ತೂರಿಸಲು ನೋಡಿದೆ. ಕೂದಲು ತೂರದ ಸಂದಿನಲ್ಲಿ ಚಾಕು ತೂರೀತೇ? ಕೊಡಲಿ ಹಾಕಿ ಒಡೆಯಬಹುದಿತ್ತು, ನಿಜ. ಆದರೆ ಜಡಿಮಳೆಯಲ್ಲಿ ಅತ್ತೆ ಕೊಟ್ಟಿಗೆಗೂ ನನ್ನನ್ನೇ ಅಟ್ಟಿ ತಾನು ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಇಲಿ ಓಡಿದರೂ ಕೇಳುವ ಕಿವಿ ಅವಳದು. ಬೀರು ಯಾಕೆ ಕಡಿದೆ ಎಂದರೆ ಏನು ಹೇಳಲಿ? ಒಳಗಿರುವುದು ಹೊರಗೆ ಬಿದ್ದರೆ ಇನ್ನೇನು ಹೇಳಲಿ? ಬೇರೆ ಮಾತ್ರೆ ಕೊಂಡು ತರೋಣವೆಂದು, ತಾಳವಾಡಿ ಪೇಟೆಗೆ ಹೋಗಿಬರುತ್ತೇನೆ ಅಂದೆ. ಈ ಮಳೆಯಲ್ಲಿ ಅದೇನು ಕಡಿದು ಕಟ್ಟೆ ಹಾಕಲು ಹೋಗುತ್ತೀಯ ಅಂದಳು. ಊರಿಗೆ ಆಗ ಒಂದೆರಡು ಮೊಬೈಲ್ ಬಂದಿದ್ದವು, ಮಳೆ ಬಂದರೆ ಅವೂ ಮೂಕ. ಕೊನೆಗೆ ಹಾಲು ಕೊಟ್ಟುಬರುವ ನೆಪದಲ್ಲಿ ಓಡಿ ಬಸ್ಸು ನಿಲ್ಲಿಸಿ, ದಿನಾ ಬರುವ ತಮಿಳಿನ ಕಂಡಕ್ಟರಿಗೆ, ಬೀರಿನ ಗೂಡು ಕಚ್ಚಿಕೊಂಡಿದೆ, ಉಳಿ ತಗೊಂಡು ಬೇಗ ಬರಬೇಕಂತೆ ಎಂದು ಪಣಕಹಳ್ಳಿಯ ನಮ್ಮಪ್ಪನಿಗೆ ಹೇಳಲು ಬೇಡಿಕೊಂಡೆ. ಬೀರು ರಿಪೇರಿಗೆ ಕಣ್ಣೀರು ಹಾಕುವವಳನ್ನು ಅವನು ಮೊದಲ ಸಲ ಕಂಡಿರಬೇಕು. ನಗುತ್ತಾ, ಹೇಳುತ್ತೇನಮ್ಮ ಎಂದ. ಹೇಳಿದ್ದಾನೆ, ಪಾಪ. ಅಪ್ಪ ಆ ಗಳಿಗೆಯೇ ಎದ್ದನಂತೆ. ಅಷ್ಟು ಹೊತ್ತಿಗೆ ಹಳ್ಳದ ನೀರು ರಸ್ತೆಗೆ ಹರಿದು ಬಸ್ಸು ನಿಂತಿತ್ತು.

ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಬಾವಿಯ ಕಡೆ ಹೋಗಲಿಲ್ಲ. ಮಗುವನ್ನು ಎತ್ತಿಕೊಳ್ಳಲಿಲ್ಲ. ಅದು ಸೀರೆ ಹಿಡಿದು ಎಳೆದು ಅತ್ತರೂ ಕೆಳಗೇ ಕೂರಿಸಿದೆ. ಮಲಗುವಾಗ ನಡುವೆ ದಿಂಬು ಇಟ್ಟೆ. ಇವಳಿಗೇನು ಬಂತು ರೋಗ, ಕೂಸನ್ನೂ ಮುಟ್ಟುವುದಿಲ್ಲ ಎಂದು ಅತ್ತೆ ಬೈದಳು. ಬೈಗುಳಕ್ಕೆ ಹೆದರಿಯೋ, ಮಗುವಿನ ಅಳು ತಡೆಯಲಾರದೆಯೋ, ಒಂದು ಬೆಳಿಗ್ಗೆ ಎತ್ತಿ ಕಂಕುಳಿಗೆ ಹಾಕಿಕೊಂಡೆ. ಅದು ನನ್ನ ಕೊರಳು ತಬ್ಬಿಕೊಂಡಿತು. ಒಲೆಯ ಸೌದೆ ಮುಂದಕ್ಕೆ ತಳ್ಳಲು ಬಗ್ಗಿದೆ.

ಬಿದ್ದದ್ದು ನನಗೆ ಗೊತ್ತಿಲ್ಲ; ಎದ್ದದ್ದು ಗೊತ್ತಿದೆ. ಮನೆ ತುಂಬ ಜನ. ಬಾಯಲ್ಲಿ ರಕ್ತದ ರುಚಿ. ಎಲ್ಲೋ ಮಗು ಕಿರುಚುತ್ತಿತ್ತು. ಅದರ ಮೊಣಕೈ ಕೆಂಡಕ್ಕೆ ತಾಗಿ ಸುಟ್ಟಿತ್ತು. ನನ್ನ ಮುಷ್ಟಿಯಲ್ಲಿ ಏನೋ ಒತ್ತುತ್ತಿದೆ ಎಂದು ನೋಡಿಕೊಂಡೆ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುತ್ತಾರಲ್ಲ, ಹಾಗೆ ಯಾರೋ ಅತ್ತೆಯ ಸೊಂಟದಿಂದ ಬೀಗದ ಕೈ ಗೊಂಚಲು ಎಳೆದು ನನ್ನ ಕೈಗೆ ತುರುಕಿದ್ದರು. ಮದುವೆಯಾದಾಗಿನಿಂದ ಮುಟ್ಟಲು ಸಿಗದಿದ್ದದ್ದು ಆ ದಿನ ನನ್ನ ಕೈಯಲ್ಲಿತ್ತು. ಅತ್ತೆ ಬಂದು ನನ್ನ ಬೆರಳು ಬಿಡಿಸಿ ವಾಪಸ್ಸು ತೆಗೆದುಕೊಂಡಳು. ಮಗುವನ್ನು ಕೊಡಿ ಅಂದೆ. ಕೊಡಲಿಲ್ಲ.

ಅಪ್ಪ ಮಾರನೆಯ ದಿನ ಬಂದ. ಹಳ್ಳ ಇಳಿಯುವವರೆಗೆ ಕಾದು, ಮಿಕ್ಕ ದಾರಿಯನ್ನು ನಡೆದಿದ್ದ, ಮೊಣಕಾಲವರೆಗೂ ಕೆಸರು. ಬಗಲಲ್ಲಿ ಉಳಿ ಸುತ್ತಿಗೆಯ ಗೋಣಿಚೀಲ. ಬಾಗಿಲಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಆ ಚೀಲವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

ನಮ್ಮನೆಯವರಿಗೆ ಹೇಳಿಕಳಿಸಿದರು. ಅವರು ಬಂದ ಮೇಲೆ ಗುಡಿಯ ಜಗಲಿಯಲ್ಲಿ ಹಿರಿಯರು ಕೂತರು. ಮಳೆ ಬಿಟ್ಟು ಬಿಸಿಲು ಕಾಯುತ್ತಿತ್ತು. ಅಪ್ಪ ಏನನ್ನೂ ಮುಚ್ಚಲಿಲ್ಲ. ರೋಗ ಇದ್ದದ್ದು ನಿಜ, ಮಾತ್ರೆ ಕೊಟ್ಟದ್ದು ನಿಜ, ತಪ್ಪು ನನ್ನದು, ನನ್ನ ಮಗಳದ್ದಲ್ಲ ಅಂದ. ಮಾತ್ರೆ ತಿಂದರೆ ಏನೂ ಆಗುವುದಿಲ್ಲ, ಇಷ್ಟು ವರ್ಷ ನೀವೇ ಕಂಡಿದ್ದೀರಿ ಎಂದು ಕೈಮುಗಿದ. ಹಿರಿಯರಲ್ಲೊಬ್ಬರು ಸ್ವಲ್ಪ ಯೋಚಿಸಿ ನಮ್ಮನೆಯವರ ಕಡೆ ತಿರುಗಿದರು. ನಿನಗೆ ಗೊತ್ತಿತ್ತೇನಪ್ಪ, ಗೊತ್ತಿದ್ದೂ ಬಾಳುವೆ ಮಾಡಿದ್ದರೆ ಆ ಮಾತೇ ಬೇರೆ, ಗಂಡ ಹೆಂಡತಿ ನಡುವೆ ನಾವು ಬರುವುದಿಲ್ಲ, ಮಗು ಅದರ ಅವ್ವನ ಹತ್ತಿರ ಇರಲಿ ಎಂದರು. ನಾನು ಕಂಬದ ಹಿಂದಿನಿಂದ ನೋಡುತ್ತಿದ್ದೆ. ನಮ್ಮನೆಯವರು ಅವರವ್ವನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

“ನಂಗ್ ಗೊತ್ತಿರ್ನಿಲ್ಲ,” ಎಂದರು.

ನಾನು ಆಗ ಅವರನ್ನು ಬೈದುಕೊಳ್ಳಲಿಲ್ಲ. ಇದ್ದದ್ದು ಹೇಳಿದರು, ಅವರಿಗೇನು ಗೊತ್ತು ಪಾಪ, ಮೋಸ ಹೋದವರು ಎಂದು ಅವರ ಮೇಲೆಯೇ ನನಗೆ ಮರುಕ. ಸಾಮಾನು ವಾಪಸ್ಸು, ಹೆಣ್ಣು ವಾಪಸ್ಸು, ಮಗು ಅಲ್ಲೇ ಎಂದು ತೀರ್ಮಾನವಾಯಿತು. ಬೆಂಕಿಗೆ ಹಾಕುವವಳ ಕೈಗೆ ಕೂಸು ಕೊಡುತ್ತೀರಾ ಎಂದು ಅತ್ತೆ ಅದರ ಸುಟ್ಟ ಮೊಣಕೈ ಎತ್ತಿ ಎಲ್ಲರಿಗೂ ತೋರಿಸಿದಳು.

ಬೀರು ಕೋಸಿನ ಟೆಂಪೋದಲ್ಲಿ ಬಂತು. ಅಪ್ಪ ಅದನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಗೋಣಿ ಹೊದಿಸಿದ. ಕಳ್ಳಗೂಡು ಕೇಳಿಕೊಂಡು ಬಂದವರಿಗೆ ಕಣ್ಣು ಮಂಜು ಎಂದು ಹೇಳಿ ಕಳಿಸಿದ. ನಾನು ಮಗುವನ್ನು ನೋಡಲು ಗೆಟ್ಟವಾಡಿಗೆ ಹೋದೆ. ಮೊದಲ ಸಲ ಅಂಗಳದಿಂದಲೇ ಕಳಿಸಿದರು. ಇನ್ನೊಂದು ಸಲ ಹೋದಾಗ ಮಗುವೇ ನನ್ನನ್ನು ಕಂಡು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಿತು. ಆಮೇಲೆ ಹೋಗಲು ನನಗೆ ಧೈರ್ಯ ಬರಲಿಲ್ಲ. ನನ್ನ ಮಾತ್ರೆ ಈಗ ಕಿಟಕಿಯಲ್ಲೇ ಬಿದ್ದಿರುತ್ತದೆ, ಬಂದವರು ಹೋದವರೆಲ್ಲ ನೋಡುತ್ತಾರೆ. ಬಚ್ಚಿಡಲು ಏನು ಉಳಿದಿದೆ?

ಬಿಸಿಲು ಬಲಿತ ಮೇಲೆ, ನಮ್ಮನೆಯವರಿಗೆ ಬೇರೆ ಹೆಣ್ಣು ಗೊತ್ತಾಯಿತೆಂಬ ಸುದ್ದಿ ಬಂದ ವಾರ, ಅಪ್ಪ ಬೀರನ್ನು ಹಲಸಿನ ಮರದಡಿಗೆ ಎಳೆದ. ಒಡೆದು ಸೌದೆ ಮಾಡುತ್ತೇನೆ ಎಂದ. ನಾನು ಬೇಡ ಅನ್ನಲಿಲ್ಲ. ಕೊಡಲಿ ಎತ್ತುವ ಮುಂಚೆ ಅವನಿಗೆ ಅದೇನು ಅನ್ನಿಸಿತೋ, ಬಗ್ಗಿ ಪಟ್ಟಿಯ ಎಡತುದಿ ಒತ್ತಿದ. ಮರ ಒಣಗಿತ್ತು, ಗೂಡು ಸದ್ದಿಲ್ಲದೆ ಜಾರಿ ಪೂರ್ತಿ ಅವನ ಕೈಗೆ ಬಂತು. ನನ್ನ ಮಾತ್ರೆಗಳು ನಾನು ಇಟ್ಟ ಹಾಗೆಯೇ ಇದ್ದವು. ಅವನು ಅವನ್ನು ನೆಲಕ್ಕೆ ಸುರಿದು, ಗೂಡನ್ನು ಮಗುಚಿ ಅಡಿ ನೋಡತೊಡಗಿದ. ಜಾರುವ ಅಂಚಿನ ಉದ್ದಕ್ಕೂ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದ. ಪದರ ಪದರವಾಗಿ ಎದ್ದಿತು, ಮೇಲಿನದು ಬಿಳಿ, ಅಡಿಯದು ಹಳದಿಗೆ ತಿರುಗಿದ್ದು.

“ಇದ ನಾ ಉಜ್ಜಿದ್ದಲ್ಲ ಕಣವ್ವ. ನಾ ಆಕಿದ್ದು ಅರಳೆಣ್ಣೆ. ಇದು ಸೋಪು. ನೀ ಉಜ್ಜಿದ್ದಾ?”

ನಾನು ಉಜ್ಜಿರಲಿಲ್ಲ. ಆ ಗೂಡನ್ನು ಪೂರ್ತಿ ಹೊರಗೆ ತೆಗೆಯಬಹುದು ಎಂಬುದೇ ನನಗೆ ತಿಳಿದಿರಲಿಲ್ಲ. ಅವನ ಕೈಯಿಂದ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದೆ. ಊದಿನಕಡ್ಡಿ, ಕರ್ಪೂರ.

ಮರ ಪಳಗಿರಲಿಲ್ಲ. ಅವರು ಯಾವತ್ತು ಕಂಡರೋ, ಹೇಗೆ ಕಂಡರೋ. ವರ್ಷ ವರ್ಷ ಮಳೆ ಹಿಡಿದಾಗ, ನಾನಿಲ್ಲದ ಹೊತ್ತಿನಲ್ಲಿ ಗೂಡು ತೆಗೆದು, ಮಾತ್ರೆ ಪಕ್ಕಕ್ಕಿಟ್ಟು, ತಮ್ಮ ಗಡ್ಡದ ಸೋಪು ಉಜ್ಜಿ, ಇದ್ದದ್ದು ಇದ್ದ ಹಾಗೆಯೇ ಇಟ್ಟಿದ್ದರು. ನನಗೆ ಒಂದು ಮಾತು ಹೇಳಿರಲಿಲ್ಲ. ಉಜ್ಜದೆ ಬಿಟ್ಟಿದ್ದರೆ ಅಪ್ಪ ಮೊದಲ ವರ್ಷವೇ ಕೀಸಿ ಸಡಿಲ ಮಾಡಿರುತ್ತಿದ್ದ. ಅವರವ್ವ ಸೋಪಿನ ಲೆಕ್ಕ ಕೇಳಿದಾಗ ತಲೆ ತಗ್ಗಿಸಿ ನಕ್ಕವರು, ಜಗಲಿಯಲ್ಲೂ ತಲೆ ತಗ್ಗಿಸಿಯೇ ಗೊತ್ತಿರಲಿಲ್ಲ ಎಂದರು. ಗೊತ್ತಿತ್ತು ಎಂದಿದ್ದರೆ ನನ್ನ ಮಗಳು ನನ್ನ ಮಗ್ಗುಲಲ್ಲಿ ಮಲಗುತ್ತಿದ್ದಳು. ಅತ್ತೆಯ ಮೇಲೂ ಬಾರದಿದ್ದ ಸಿಟ್ಟು ನನಗೆ ಆಗ ಬಂತು, ಅದರ ಬೆನ್ನಿಗೇ ಅಳು ಬಂತು.

ಅಪ್ಪನಿಗೂ ಅರ್ಥವಾಯಿತು. ಗೂಡನ್ನು ನನ್ನ ಕೈಯಿಂದ ತೆಗೆದುಕೊಂಡು, “ನಾಳಿಕ್ ಓಗಿ ಇದ ಇರೀಕರ್ ಮುಂದ ಮಡುಗಿ ಅವನ್ನ ಕೇಳ್ಲವ್ವ?” ಎಂದ. ಅವನ ದನಿಯಲ್ಲಿ ಇನ್ನೂ ಆಸೆ ಇತ್ತು.

“ಕೇಳುದ್ರ ಏನಂದಾರು? ಗೊತ್ತಿರ್ನಿಲ್ಲ ಅಂದಾರು,” ಅಂದೆ.

ಅಪ್ಪ ಗೂಡನ್ನು ಮೊದಲಿನ ಹಾಗೆ ಬೀರಿನೊಳಕ್ಕೆ ತಳ್ಳಿದ. ಸಲೀಸಾಗಿ ಹೋಯಿತು. ಆಮೇಲೆ ಕೊಡಲಿ ಎತ್ತಿಕೊಂಡ.